ಕಡಿಮೆ ಶಕ್ತಿಯ ದೋಣಿ, ಹಿಂದೆ ಒಂದು ಹಗ್ಗ



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಬೆಳೆದವರಿಗೆ ಕೆರೆ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಹಿರೇಕೆರೂರಿನ ಹೆಸರಿನಲ್ಲೇ ಕೆರೆ ಇದೆ. ಹಾನಗಲ್ಲಿಗೆ ಆನಿಕೆರೆ, ಸವಣೂರಿಗೆ ಮೋತಿ ತಲಾಬ್. ಹಳೆಯ ಹಿರೇಕೆರೂರು ತಾಲ್ಲೂಕಿನ ಮಾಸೂರಿನ ಬಳಿ, ಗುಡ್ಡಗಳ ನಡುವೆ ಕುಮುದ್ವತಿಗೆ ಒಡ್ಡು ಹಾಕಿ ಮಾಡಿದ ಮದಗದ ಕೆರೆ. ಮಳೆ ಚೆನ್ನಾಗಿ ಆಗಿ ಕೆರೆ ಕೋಡಿ ಬಿದ್ದ ವರ್ಷ ಏರಿಯ ಮೇಲೆ ನಿಂತು ಆ ನೀರನ್ನು ನೋಡಿದಾಗ ನಿಮ್ಮ ವಯಸ್ಸಿನವರಿಗೆ ಒಂದು ಆಸೆ ಹುಟ್ಟುವುದು ಸಹಜ. ಇದರ ಮೇಲೆ ಒಂದು ಮೋಟಾರ್ ದೋಣಿ ಓಡಬೇಕು, ಅದರ ಹಿಂದೆ ಹಗ್ಗ ಹಿಡಿದುಕೊಂಡು ನಾವು ನೀರಿನ ಮೇಲೆ ಜಾರಬೇಕು!

ಈ ಆಟಕ್ಕೆ ವಾಟರ್ ಸ್ಕೀಯಿಂಗ್ ಎಂದು ಹೆಸರು. ಕಾಲಿಗೆ ಸ್ಕೀ ಎಂಬ ಹಲಗೆ ಕಟ್ಟಿಕೊಂಡು ನಿಂತು ಹೋಗುವುದು ಒಂದು ಬಗೆ. ಗಾಳಿ ತುಂಬಿದ ದೊಡ್ಡ ಟ್ಯೂಬಿನ ಮೇಲೆ ಮಲಗಿಯೋ ಕುಳಿತೋ ಎಳೆಸಿಕೊಂಡು ಹೋಗುವುದು ಇನ್ನೊಂದು ಬಗೆ. ಟೆಲಿವಿಷನ್ ಪರದೆಯ ಮೇಲೆ ನೀವು ನೋಡುವ ಸ್ಪರ್ಧೆಗಳಲ್ಲಿ ಎಳೆಯುವ ದೋಣಿಗಳಿಗೆ ನೂರಾರು ಅಶ್ವಶಕ್ತಿಯ ಎಂಜಿನ್ ಇರುತ್ತದೆ. ನಮ್ಮ ಕಡೆ ಕಣ್ಣಿಗೆ ಬೀಳುವ ದೋಣಿಗಳು ಬೇರೆಯೇ. ವರದಾ ನದಿ ಉಕ್ಕಿದಾಗ ಅಗ್ನಿಶಾಮಕ ದಳದವರು ತರುವ ರಬ್ಬರ್ ದೋಣಿ, ಕರಾವಳಿಯಲ್ಲಿ ಮೀನುಗಾರರ ನಾಡದೋಣಿ – ಇವುಗಳ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ ಹತ್ತು, ಹದಿನೈದು, ಇಪ್ಪತ್ತೈದು ಅಶ್ವಶಕ್ತಿಯ ಆಸುಪಾಸಿನದು.

ಇಂಥ ಸಣ್ಣ ದೋಣಿ ಒಬ್ಬ ಮನುಷ್ಯನನ್ನು ನೀರಿನ ಮೇಲೆ ಎಳೆಯಬಲ್ಲದೇ? ಎಳೆಯಬಲ್ಲದು. ಆದರೆ ಆ ಉತ್ತರದ ಹಿಂದೆ ಒಂದು ಲೆಕ್ಕವಿದೆ. ಶಕ್ತಿ ಕಡಿಮೆ ಇರುವಾಗ ದೋಣಿಯಿಂದ ಏನನ್ನು ಇಳಿಸಬಹುದು, ಏನನ್ನು ಎಂದೂ ಇಳಿಸಬಾರದು – ಇದೇ ಇವತ್ತಿನ ನಮ್ಮ ವಿಷಯ.

ಮೊದಲು ನೀರಿನ ಸ್ವಭಾವವನ್ನು ತಿಳಿದುಕೊಳ್ಳೋಣ. ಚಪ್ಪಟೆಯಾದ ಹೆಂಚಿನ ಚೂರನ್ನು ಕೆರೆಗೆ ಓರೆಯಾಗಿ ಬೀಸಿ ಎಸೆದಿದ್ದೀರಲ್ಲವೇ? ನಾಲ್ಕೈದು ಸಲ ಪುಟಿದು, ವೇಗ ತಗ್ಗಿದ ಮೇಲೆ ಅದು ಮುಳುಗುತ್ತದೆ. ಹೆಂಚು ತೇಲುವ ವಸ್ತುವಲ್ಲ. ವೇಗ ಇರುವಷ್ಟು ಹೊತ್ತು ಅದು ನೀರನ್ನು ಕೆಳಕ್ಕೆ ಒತ್ತುತ್ತದೆ, ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಸ್ಕೀ ನಿಲ್ಲುವುದೂ ಹೀಗೆಯೇ. ನಿಂತ ದೋಣಿಯನ್ನು ಆರ್ಕಿಮಿಡೀಸನ ನಿಯಮ ಎತ್ತಿ ಹಿಡಿಯುತ್ತದೆ. ಓಡುವ ಸ್ಕೀಯನ್ನು ನ್ಯೂಟನ್ನನ ಮೂರನೆಯ ನಿಯಮ ಎತ್ತಿ ಹಿಡಿಯುತ್ತದೆ.

ದೋಣಿಗೂ ಈ ಎರಡು ಸ್ಥಿತಿಗಳಿವೆ. ನಿಧಾನವಾಗಿ ಹೋಗುವಾಗ ಅದು ನೀರನ್ನು ಸೀಳಿಕೊಂಡು, ಮುಂದೊಂದು ಅಲೆ ಹಿಂದೊಂದು ಅಲೆ ಎಬ್ಬಿಸಿಕೊಂಡು ಹೋಗುತ್ತದೆ. ವೇಗ ಹೆಚ್ಚಿದಂತೆ ಈ ಅಲೆಗಳ ನಡುವಿನ ಅಂತರ ದೋಣಿಯ ಉದ್ದಕ್ಕೆ ಸರಿಸಮವಾಗುತ್ತದೆ. ಆಗ ದೋಣಿ ತಾನೇ ಎಬ್ಬಿಸಿದ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಸಿಕ್ಕಿಬೀಳುತ್ತದೆ. ನಾಲ್ಕು ಮೀಟರ್ ಉದ್ದದ ದೋಣಿಗೆ ಈ ಮಿತಿ ಗಂಟೆಗೆ ಸುಮಾರು 9 ಕಿಲೋಮೀಟರ್. ಅದನ್ನು ದಾಟಬೇಕಾದರೆ ದೋಣಿ ಮುಂದಿನ ಅಲೆಯನ್ನು ಏರಿ ನೀರಿನ ಮೇಲ್ಮೈಗೆ ಬರಬೇಕು. ಏರುವಾಗ ಮೂತಿ ಮೇಲಾಗುತ್ತದೆ, ಎಂಜಿನ್ ನರಳುತ್ತದೆ. ಏರಿ ಆದ ಮೇಲೆ ಮೂತಿ ಸಮನಾಗಿ, ದೋಣಿ ಹಗುರಾಗಿ ಜಾರತೊಡಗುತ್ತದೆ. ತುಂಬಿದ ಚಕ್ಕಡಿಯನ್ನು ಹಳ್ಳದ ದಂಡೆ ಹತ್ತಿಸುವಾಗ ಎತ್ತುಗಳಿಗೆ ಆಗುವ ಕಷ್ಟವನ್ನು ನೆನೆಸಿಕೊಳ್ಳಿ. ದಂಡೆ ಹತ್ತಿದರೆ ಮುಂದಿನ ದಾರಿ ಸಲೀಸು.

ಸ್ಕೀ ಹಾಕಿಕೊಂಡವನಿಗೂ ಇಂಥದೇ ದಂಡೆ ಇದೆ. ಶುರುವಿನಲ್ಲಿ ಅವನು ಎದೆಮಟ್ಟ ನೀರಿನಲ್ಲಿ ಮಂಡಿ ಮಡಿಸಿ ಕುಳಿತಿರುತ್ತಾನೆ. ಅವನ ಇಡೀ ಮೈ ನೀರಿಗೆ ಅಡ್ಡವಾಗಿರುತ್ತದೆ. ಎಳೆತದ ಅತಿ ದೊಡ್ಡ ಭಾರ ಬೀಳುವುದು ಈ ಕೆಲವು ಸೆಕೆಂಡುಗಳಲ್ಲಿ. ಸಣ್ಣ ದೋಣಿಯ ಮುಖ್ಯ ತೊಂದರೆ ಇದು: ತನ್ನ ದಂಡೆಯನ್ನೂ ಅವನ ದಂಡೆಯನ್ನೂ ಒಟ್ಟಿಗೇ ಹತ್ತಬೇಕು.

ಈ ಆಟ ಹುಟ್ಟಿದ್ದೇ ಒಂದು ಸಾಧಾರಣ ದೋಣಿಯ ಹಿಂದೆ ಎಂಬುದು ತಿಳಿದಿರಲಿ. 1922ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಲೇಕ್ ಸಿಟಿ ಎಂಬ ಊರಿನಲ್ಲಿ ರಾಲ್ಫ್ ಸ್ಯಾಮುಯೆಲ್‌ಸನ್ ಎಂಬ ಹುಡುಗನಿದ್ದ. ಹಿಮದ ಮೇಲೆ ಜಾರಬಹುದಾದರೆ ನೀರಿನ ಮೇಲೇಕೆ ಜಾರಬಾರದು ಎಂಬ ಯೋಚನೆ ಅವನದು. ಪೀಪಾಯಿಯ ಹಲಗೆ ಕಟ್ಟಿಕೊಂಡು ನೋಡಿದ, ಮುಳುಗಿದ. ಹಿಮದ ಸ್ಕೀ ಕಟ್ಟಿಕೊಂಡ, ಮುಳುಗಿದ. ಕೊನೆಗೆ ಸುಮಾರು 2.4 ಮೀಟರ್ ಉದ್ದದ, 23 ಸೆಂಟಿಮೀಟರ್ ಅಗಲದ ಎರಡು ಮರದ ಹಲಗೆ ತಂದ. ಅವುಗಳ ತುದಿಗಳನ್ನು ತಾಯಿಯ ಬಟ್ಟೆ ಕುದಿಸುವ ಹಂಡೆಯಲ್ಲಿ ಬೇಯಿಸಿ ಮೇಲಕ್ಕೆ ಬಾಗಿಸಿದ. ಅಣ್ಣ ಬೆನ್ ದೋಣಿ ನಡೆಸಿದ; ಆ ದೋಣಿಗೆ ಇದ್ದದ್ದು ಲಾರಿಯಿಂದ ತೆಗೆದು ಕೂರಿಸಿದ ಎಂಜಿನ್. ಆದರೂ ದಿನಗಟ್ಟಲೆ ಬೀಳುವುದೇ ಆಯಿತು. ಜುಲೈ 2ರಂದು, ತನ್ನ ಹತ್ತೊಂಬತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ, ಅವನು ಹಿಂದಕ್ಕೆ ಒರಗಿ ಹಲಗೆಗಳ ತುದಿಯನ್ನು ನೀರಿನಿಂದ ಮೇಲೆ ಇಟ್ಟುಕೊಂಡ. ಎದ್ದು ನಿಂತ!

ಅವನು ಬದಲಿಸಿದ್ದು ಎಂಜಿನನ್ನು ಅಲ್ಲ, ಹಲಗೆಯನ್ನು ಮತ್ತು ಮೈಯ ಭಂಗಿಯನ್ನು. ಮೇಲಕ್ಕೆ ಒತ್ತುವ ಬಲ ಹಲಗೆಯ ವಿಸ್ತೀರ್ಣವನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ವೇಗ ಕಡಿಮೆಯಿದ್ದರೆ ವಿಸ್ತೀರ್ಣ ಹೆಚ್ಚಿಸಬೇಕು; ತುದಿ ಮೇಲಾಗಿ, ಹಲಗೆ ಸರಿಯಾದ ಓರೆಯಲ್ಲಿರಬೇಕು. ಇಂದಿಗೂ ಸಣ್ಣ ದೋಣಿ ಇರುವವರಿಗೆ ಇದೇ ಮೊದಲ ಪಾಠ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಕಾಗದ ತೆಗೆದುಕೊಳ್ಳಿ.

ಹದಿನೈದು ಅಶ್ವಶಕ್ತಿಯ ಎಂಜಿನ್ ಇದೆ ಎನ್ನೋಣ. ಒಂದು ಅಶ್ವಶಕ್ತಿಗೆ 746 ವಾಟ್. ಒಟ್ಟು ಸುಮಾರು 11,200 ವಾಟ್. ಪ್ರೊಪೆಲರ್ ಇದರಲ್ಲಿ ಸುಮಾರು ಅರ್ಧವನ್ನಷ್ಟೇ ದೋಣಿಯನ್ನು ಮುಂದೆ ತಳ್ಳಲು ಬಳಸುತ್ತದೆ; ಉಳಿದದ್ದು ನೀರನ್ನು ಕಲಕುವುದರಲ್ಲಿ ಹೋಗುತ್ತದೆ. ನಮಗೆ ಸಿಕ್ಕಿದ್ದು 5,600 ವಾಟ್. ಹಗುರ ಮೈಯ ಹುಡುಗ ಅಥವಾ ಹುಡುಗಿ ಅಗಲವಾದ ಎರಡು ಸ್ಕೀಗಳ ಮೇಲೆ ನಿಲ್ಲಲು ಗಂಟೆಗೆ 20ರಿಂದ 25 ಕಿಲೋಮೀಟರ್ ವೇಗ ಬೇಕು. 25 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಸಾಮರ್ಥ್ಯವನ್ನು ವೇಗದಿಂದ ಭಾಗಿಸಿದರೆ ಬಲ ಸಿಗುತ್ತದೆ: 800 ನ್ಯೂಟನ್. ಅಂದರೆ 80 ಕಿಲೋಗ್ರಾಂ ತೂಕದಷ್ಟು ಎಳೆತ. ನಮ್ಮ ಒಟ್ಟು ಬಂಡವಾಳ ಇಷ್ಟೇ.

ಖರ್ಚು ನೋಡೋಣ. ಹಗುರಾದ ದೋಣಿ, ಎಂಜಿನ್, ಇಂಧನ, ಒಳಗೆ ಇಬ್ಬರು – ಒಟ್ಟು 300 ಕಿಲೋಗ್ರಾಂ ಎಂದು ಇಟ್ಟುಕೊಳ್ಳಿ. ಮೇಲ್ಮೈಯಲ್ಲಿ ಜಾರುವ ದೋಣಿಗೆ ನೀರು ಒಡ್ಡುವ ತಡೆ, ಸ್ಥೂಲವಾಗಿ, ಅದರ ತೂಕದ ಐದನೆಯ ಒಂದು ಭಾಗ. ಅಂದರೆ 60 ಕಿಲೋಗ್ರಾಂ. ಎಂಬತ್ತರಲ್ಲಿ ಅರವತ್ತು ಹೋದರೆ ಇಪ್ಪತ್ತು. ಹಗ್ಗದ ಆ ತುದಿಯಲ್ಲಿರುವವರಿಗೆ ಉಳಿಯುವುದು 20 ಕಿಲೋಗ್ರಾಂ ಎಳೆತ. ಎದ್ದು ನಿಂತ ಮೇಲೆ ಸ್ಕೀ ಮಾಡುವವರ ತಡೆ ಅವರ ತೂಕದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇರುತ್ತದೆ. 45 ಕಿಲೋಗ್ರಾಂ ತೂಕದವರಿಗೆ ಸರಿಹೋಯಿತು. 75 ಕಿಲೋಗ್ರಾಂ ತೂಕದ ದೊಡ್ಡವರಿಗೆ ಇದು ಸಾಲದು. ಅವರಿಗೆ ಬೇಕಾದ ವೇಗವೂ 30ಕ್ಕಿಂತ ಹೆಚ್ಚು.

ಇನ್ನೊಬ್ಬ ಗೆಳೆಯ "ನಾನೂ ಬರುತ್ತೇನೆ" ಎಂದು ದೋಣಿ ಹತ್ತಿದ ಎನ್ನಿ. 60 ಕಿಲೋಗ್ರಾಂ ಹೆಚ್ಚಾಯಿತು, ತಡೆ 12 ಕಿಲೋಗ್ರಾಂ ಏರಿತು. ಉಳಿದ ಎಳೆತ ಎಂಟೇ ಎಂಟು! ಈ ಅಂಕಿಗಳೆಲ್ಲ ಅಂದಾಜಿನವು. ದೋಣಿಯಿಂದ ದೋಣಿಗೆ ಬದಲಾಗುತ್ತವೆ. ಆದರೆ ಅವು ಹೇಳುವ ಮಾತು ಬದಲಾಗುವುದಿಲ್ಲ. ಸಣ್ಣ ಎಂಜಿನಿನ ಸಂಸಾರ ಬಡವರ ಮನೆಯ ಸಂತೆಯ ಚೀಲದಂತೆ. ಒಂದು ಸಾಮಾನು ಹೆಚ್ಚಾದರೆ ಇನ್ನೊಂದು ಬಿಡಲೇಬೇಕು.

ಹಾಗಾದರೆ ಏನನ್ನು ಬಿಡಬಹುದು? ನೋಡಲು ಬಂದವರನ್ನು ದಡದಲ್ಲಿ ಬಿಡಿ. ಬುತ್ತಿ ಬುಟ್ಟಿ, ತಳದಲ್ಲಿ ನಿಂತ ನೀರು, ಬೇಡದ ಸಾಮಾನು – ಎಲ್ಲವನ್ನೂ ತೆಗೆಯಿರಿ. ಹೊರಡುವ ಹೊತ್ತಿನಲ್ಲಿ ನಡೆಸುವವರನ್ನು ಬಿಟ್ಟು ಇನ್ನೊಬ್ಬರು ಮುಂಭಾಗಕ್ಕೆ ಸರಿದು ಕುಳಿತರೆ ದೋಣಿಯ ಮೂತಿ ಬೇಗ ಇಳಿಯುತ್ತದೆ. ಪ್ರೊಪೆಲರಿನ ಅಲಗುಗಳ ಓರೆ ಕಡಿಮೆಯಿದ್ದರೆ ಗರಿಷ್ಠ ವೇಗ ತಗ್ಗಿದರೂ ಹೊರಡುವಾಗಿನ ಎಳೆತ ಹೆಚ್ಚುತ್ತದೆ; ಟ್ರ್ಯಾಕ್ಟರಿನ ಸಣ್ಣ ಗೇರು ಇದ್ದ ಹಾಗೆ. ಉದ್ದ ಅಗಲ ಹೆಚ್ಚಿರುವ ಸ್ಕೀ ಆರಿಸಿಕೊಳ್ಳಬಹುದು. ಎದ್ದು ನಿಲ್ಲುವುದನ್ನೇ ಬಿಟ್ಟು, ಅಗಲವಾದ ಹಲಗೆಯ ಮೇಲೆ ಮಂಡಿಯೂರಿ ಹೋಗುವ ಆಟವನ್ನೂ ಆರಿಸಬಹುದು. ಅದಕ್ಕೆ ಕಡಿಮೆ ವೇಗ ಸಾಕು. ಹಗ್ಗವನ್ನು ಎಂಜಿನಿಗೆ ಕಟ್ಟಬಾರದು. ದೋಣಿಯ ಹಿಂಬದಿಯ ಎರಡು ಮೂಲೆಗಳಲ್ಲಿ ಗಟ್ಟಿಯಾಗಿ ಕೂರಿಸಿದ ಕೊಂಡಿಗಳಿಗೆ ಕವಲು ಹಗ್ಗ ಹಾಕಿ, ಅದರ ನಡುವಿಗೆ ಎಳೆಯುವ ಹಗ್ಗ ಕಟ್ಟಬೇಕು. ಆಗ ಎಳೆತ ಎರಡೂ ಕಡೆಗೆ ಹಂಚಿಹೋಗುತ್ತದೆ, ದೋಣಿ ಒಂದೇ ಬದಿಗೆ ಎಳೆಯುವುದಿಲ್ಲ.

ಇನ್ನು ಬಿಡಬಾರದವು. ಮೊದಲನೆಯದು, ದೋಣಿಯಲ್ಲಿರುವ ಎರಡನೆಯ ವ್ಯಕ್ತಿ. ಲೆಕ್ಕದಲ್ಲಿ ಇಬ್ಬರು ಎಂದು ಹೇಳಿದೆನಲ್ಲ, ಒಬ್ಬರು ದೋಣಿ ನಡೆಸುವವರು, ಇನ್ನೊಬ್ಬರು ಹಿಂದಕ್ಕೆ ಮುಖ ಮಾಡಿ ಕುಳಿತು ಹಗ್ಗದ ತುದಿಯಲ್ಲಿರುವವರನ್ನೇ ನೋಡುತ್ತಿರುವವರು. ಶಕ್ತಿ ಸಾಲದಾಗ ಎಲ್ಲರಿಗೂ ಮೊದಲು ಹೊಳೆಯುವುದು "ಇವರನ್ನು ಇಳಿಸಿದರೆ 60 ಕಿಲೋ ಉಳಿಯುತ್ತದೆ" ಎಂಬ ಯುಕ್ತಿ. ಲೆಕ್ಕಕ್ಕೆ ಸರಿ, ಜೀವಕ್ಕೆ ತಪ್ಪು. ದೋಣಿ ನಡೆಸುವವರಿಗೆ ಇರುವುದು ಎರಡೇ ಕಣ್ಣು, ಅವು ಮುಂದೆ ಇರಬೇಕು. ಅವರು ಹಿಂದೆ ತಿರುಗಿ ಐದು ಸೆಕೆಂಡು ನೋಡಿದರೆ ಅಷ್ಟರಲ್ಲಿ ದೋಣಿ 35 ಮೀಟರ್ ಮುಂದೆ ಹೋಗಿರುತ್ತದೆ. ಅಲ್ಲಿ ಒಂದು ಬಲೆ ಇರಬಹುದು, ಈಜುವ ಹುಡುಗ ಇರಬಹುದು. ತಿರುಗಿ ನೋಡದಿದ್ದರೆ ಹಿಂದೆ ಬಿದ್ದವರು ಬಿದ್ದದ್ದೇ ತಿಳಿಯುವುದಿಲ್ಲ.

ಎರಡನೆಯದು, ಜೀವರಕ್ಷಕ ಜಾಕೆಟ್. ದೊಡ್ಡವರ ಸಾಮಾನ್ಯ ಜಾಕೆಟ್ ಕೊಡುವ ತೇಲುವ ಬಲ ಸುಮಾರು 7 ಕಿಲೋಗ್ರಾಂ ತೂಕದಷ್ಟು. 60 ಕಿಲೋಗ್ರಾಂ ಮನುಷ್ಯನಿಗೆ ಏಳು ಸಾಕೇ ಎಂದು ನೀವು ಕೇಳಬಹುದು. ಸಾಕು. ನಮ್ಮ ಮೈಯ ಸಾಂದ್ರತೆ ನೀರಿನ ಸಾಂದ್ರತೆಗೆ ಬಹಳ ಹತ್ತಿರ. ಮುಳುಗಿದ ಭಾಗವನ್ನು ನೀರೇ ಹೊತ್ತುಕೊಳ್ಳುತ್ತದೆ. ನೀರಿನಿಂದ ಮೇಲೆ ಇರಬೇಕಾದ್ದು ತಲೆ. ಆ ತಲೆಯ ಭಾರವನ್ನು ಜಾಕೆಟ್ ಹೊರುತ್ತದೆ. ಬಕಲುಗಳನ್ನು ಹಾಕದೆ ಹೆಗಲ ಮೇಲೆ ಇಳಿಬಿಟ್ಟ ಜಾಕೆಟ್ ಬಿದ್ದ ಕೂಡಲೇ ಕಳಚಿಹೋಗುತ್ತದೆ. ಈಜು ಬಲ್ಲವರಿಗೂ ಜಾಕೆಟ್ ಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಿದ್ದ ಏಟಿಗೆ ಉಸಿರು ಕಟ್ಟಿದ ಆ ಗಳಿಗೆಯಲ್ಲಿ ಕಲಿತ ಈಜು ನೆನಪಿಗೆ ಬರುವುದಿಲ್ಲ.

ಭಾರ ಮತ್ತು ಜಾಕೆಟ್ ಈ ಎರಡರ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಕಂಡಿದೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಹಾವೇರಿ ಜಿಲ್ಲೆಯವರೂ ಇದ್ದರು. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿತು. 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಆ ದೋಣಿಗಳ ಹಿಂದೆ ಯಾವ ಹಗ್ಗವೂ ಇರಲಿಲ್ಲ, ಯಾರೂ ಸ್ಕೀ ಮಾಡುತ್ತಿರಲಿಲ್ಲ. ಹರಣಿಯದು ಸಮುದ್ರವೂ ಅಲ್ಲ, ಊರೊಳಗಿನ ಕೆರೆ. ತಾಳಬಲ್ಲದ್ದಕ್ಕಿಂತ ಹೆಚ್ಚು ಜನ, ಜಾಕೆಟ್ ಇಲ್ಲದ ಮೈಗಳು – ಅಷ್ಟೇ ಸಾಕಾಯಿತು.

ಮೂರನೆಯದು, ಹಗ್ಗದ ಗಟ್ಟಿತನ. ಎಳೆತ 20 ಕಿಲೋಗ್ರಾಂ ಎಂದೆವು. ಆದರೆ ಒಬ್ಬರು ಕೂರುವ ಟ್ಯೂಬಿನ ಹಗ್ಗ ಕನಿಷ್ಠ 680 ಕಿಲೋಗ್ರಾಂ ಭಾರ ತಾಳಬೇಕು ಎಂಬ ಪ್ರಮಾಣವಿದೆ. ಇಬ್ಬರಾದರೆ ಸಾವಿರಕ್ಕೂ ಮೇಲೆ. ಇಷ್ಟೇಕೆ? ಹಗ್ಗ ಒಮ್ಮೆ ಸಡಿಲಾಗಿ ಮತ್ತೆ ಬಿಗಿಯುವಾಗ ಬೀಳುವ ಜಗ್ಗು ಬೇರೆಯೇ ಲೆಕ್ಕ. 50 ಕಿಲೋಗ್ರಾಂ ತೂಕದವರ ವೇಗ ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಸೆಕೆಂಡಿಗೆ 5 ಮೀಟರ್ ಬದಲಾದರೆ ಹಗ್ಗದ ಮೇಲೆ ಬೀಳುವ ಬಲ 1,250 ನ್ಯೂಟನ್. ಟ್ಯೂಬಿನ ಮೂತಿ ನೀರಿಗೆ ಹೊಕ್ಕು ನೀರು ತುಂಬಿಕೊಂಡರೆ ಇದು ಇನ್ನೂ ಏರುತ್ತದೆ. ಹರಿದ ಹಗ್ಗ ಚಾಟಿಯಂತೆ ಹಿಂದಕ್ಕೆ ಬೀಸಿ ದೋಣಿಯಲ್ಲಿರುವವರ ಮುಖಕ್ಕೆ ಬಡಿಯುತ್ತದೆ. ಬಾವಿಯ ಹಗ್ಗ, ದನ ಕಟ್ಟುವ ಹಗ್ಗ ಈ ಕೆಲಸಕ್ಕೆ ಬಾರವು.

ಟ್ಯೂಬಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಸಣ್ಣ ದೋಣಿಗೆ ಟ್ಯೂಬೇ ಅನುಕೂಲ ಎಂದು ಎಲ್ಲರೂ ಹೇಳುತ್ತಾರೆ. ಗಂಟೆಗೆ 15ರಿಂದ 20 ಕಿಲೋಮೀಟರ್ ವೇಗದಲ್ಲೂ ಅದು ಖುಷಿ ಕೊಡುತ್ತದೆ, ಕಲಿಯುವುದೇನೂ ಇಲ್ಲ. ನಿಜ. ಆದರೆ ಒಂದು ವ್ಯತ್ಯಾಸ ಗಮನಿಸಿ. ಸ್ಕೀ ಮಾಡುವವರು ದಿಕ್ಕು ಬದಲಿಸಬಲ್ಲರು; ಭಯವಾದರೆ ಹಿಡಿಕೆ ಬಿಟ್ಟು ನೀರಿಗೆ ಕೂರಬಲ್ಲರು. ಟ್ಯೂಬಿನ ಮೇಲಿರುವವರಿಗೆ ಚುಕ್ಕಾಣಿಯೂ ಇಲ್ಲ, ಬ್ರೇಕೂ ಇಲ್ಲ. ಅವರ ಜೀವ ಪೂರ್ತಿ ದೋಣಿ ನಡೆಸುವವರ ಕೈಯಲ್ಲಿ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಬೀಸುವ ಕವಣೆಯನ್ನು ನೋಡಿದ್ದೀರಲ್ಲ? ದೋಣಿ ಗಕ್ಕನೆ ತಿರುಗಿದರೆ ಹಗ್ಗದ ತುದಿಯ ಟ್ಯೂಬ್ ಕವಣೆಯ ಕಲ್ಲಿನಂತೆ ಹೊರಕ್ಕೆ ಬೀಸಿ ಹೋಗುತ್ತದೆ. ಆಗ ಅದರ ವೇಗ ದೋಣಿಯ ವೇಗಕ್ಕಿಂತ ಹೆಚ್ಚು. ದೋಣಿ ನಿಧಾನವಾಗಿದೆ ಎಂದ ಮಾತ್ರಕ್ಕೆ ಟ್ಯೂಬ್ ನಿಧಾನವಾಗಿದೆ ಎಂದು ತಿಳಿಯಬೇಡಿ.

ಪ್ರೊಪೆಲರಿನ ಮಾತೂ ಹಾಗೆಯೇ. ಗೇರಿನಲ್ಲಿರುವ ಎಂಜಿನ್ ಮೆಲ್ಲಗೆ ಗುಟುರು ಹಾಕುತ್ತಿದ್ದರೂ ನೀರಿನ ಕೆಳಗೆ ಅಲಗುಗಳು ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿರುತ್ತವೆ. ಬಿದ್ದವರನ್ನು ಹತ್ತಿಸಿಕೊಳ್ಳುವಾಗ ಎಂಜಿನನ್ನು ಪೂರ್ತಿ ನಿಲ್ಲಿಸಬೇಕು. ದೋಣಿ ನಡೆಸುವವರ ಕೈಗೋ ಜಾಕೆಟ್ಟಿಗೋ ಎಂಜಿನ್ ನಿಲ್ಲಿಸುವ ಸುರುಳಿದಾರ ಸಿಕ್ಕಿಸಿರಬೇಕು. ಅವರು ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ಎಂಜಿನ್ ಸದ್ದಿನಲ್ಲಿ ಕೂಗು ಕೇಳಿಸದು, ಹಾಗಾಗಿ ಕೈಸನ್ನೆಗಳನ್ನು ದಡದಲ್ಲೇ ಕಲಿತಿರಬೇಕು. ಹೆಬ್ಬೆರಳು ಮೇಲೆ – ವೇಗ ಹೆಚ್ಚಿಸಿ. ಹೆಬ್ಬೆರಳು ಕೆಳಗೆ – ತಗ್ಗಿಸಿ. ಕುತ್ತಿಗೆಗೆ ಅಡ್ಡವಾಗಿ ಕೈ ಎಳೆದರೆ – ನಿಲ್ಲಿಸಿ. ಬಿದ್ದ ಮೇಲೆ ಎರಡೂ ಕೈ ತಲೆಯ ಮೇಲೆ ಜೋಡಿಸಿದರೆ – ನಾನು ಸುಖವಾಗಿದ್ದೇನೆ. ಈ ಕೊನೆಯ ಸನ್ನೆ ಕಾಣದಿದ್ದರೆ ಕೂಡಲೇ ಅವರತ್ತ ಹೋಗಬೇಕು.

ಇಷ್ಟೆಲ್ಲ ಸರಿಯಿದ್ದರೂ ಕೊನೆಯ ಪ್ರಶ್ನೆ ಉಳಿದಿದೆ: ಎಲ್ಲಿ? ಮತ್ತೆ ನಮ್ಮ ಕೆರೆಯ ಏರಿಗೆ ಲೆಕ್ಕ ಹಿಡಿದುಕೊಂಡು ಬರೋಣ. ಕೆರೆಯ ನೇರ ಹರವು 500 ಮೀಟರ್ ಇದ್ದರೆ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಅದು 70 ಸೆಕೆಂಡಿನಲ್ಲಿ ಮುಗಿಯುತ್ತದೆ. ಹೊರಡಲು, ತಿರುಗಲು, ದಡದಿಂದ ದೂರ ಉಳಿಯಲು ಬೇಕಾದ ಜಾಗ ಕಳೆದರೆ ಅರ್ಧ ನಿಮಿಷದ ಆಟ. ಹೂಳು ತುಂಬಿದ ಕೆರೆಯಲ್ಲಿ ಮೇಲೆ ನೋಡಿದರೆ ಸಮುದ್ರ, ಕೆಳಗೆ ಸೊಂಟದಷ್ಟು ನೀರು. ಬೇಸಿಗೆಯಲ್ಲಿ ಅಂಗಳದಲ್ಲಿ ಬೆಳೆದ ಜಾಲಿಯ ಗಿಡಗಳು ಮಳೆಗಾಲದಲ್ಲಿ ನೀರಿನೊಳಗೆ ನಿಂತಿರುತ್ತವೆ. ತೂಬಿನ ಕಲ್ಲುಕಂಬ, ಮೀನಿನ ಬಲೆ, ಏರಿಯ ಕಲ್ಲುಕಟ್ಟಣೆ – ಒಂದೊಂದೂ ಹಗ್ಗದ ತುದಿಯಲ್ಲಿರುವವರಿಗೆ ಕಾದು ಕುಳಿತ ಅಪಾಯ. ಕೋಡಿ ಹರಿಯುವಾಗ ಅದರ ಸೆಳೆತವನ್ನು ಹದಿನೈದು ಅಶ್ವಶಕ್ತಿ ಗೆಲ್ಲುತ್ತದೆಂಬ ಭರವಸೆಯಿಲ್ಲ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕೆರೆ ಊರಿನ ಕುಡಿಯುವ ನೀರು. ಹಳೆಯ ಮಾದರಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನುಗಳು ಇಂಧನದ ಕಾಲು ಭಾಗದಷ್ಟನ್ನು ಉರಿಸದೆಯೇ ಹೊರಹಾಕಬಲ್ಲವು. ಅವುಗಳ ಹೊಗೆಕೊಳವೆ ಇರುವುದು ನೀರಿನೊಳಗೆ. ಬ್ಯಾಟರಿಯ ಮೋಟಾರು ಹಾಕಿದರೆ ಎಣ್ಣೆ ತಪ್ಪೀತು, ಪ್ರೊಪೆಲರ್ ಕಲಕುವ ಹೂಳು ತಪ್ಪದು. ಹತ್ತು ಜನರ ಅರ್ಧ ನಿಮಿಷದ ಸಂತೋಷಕ್ಕೆ ಊರಿನ ಕೊಡಪಾನ ಬೆಲೆ ತೆರಬೇಕಾಗಿಲ್ಲ. ಆದ್ದರಿಂದ ನನ್ನ ಸಲಹೆ ಸ್ಪಷ್ಟ: ನಮ್ಮ ಊರಕೆರೆಗಳು ಈ ಆಟಕ್ಕಲ್ಲ. ನೀರಿನ ಸಾಹಸ ಕಲಿಯಬೇಕೆಂಬ ಆಸೆ ಮಾತ್ರ ಒಳ್ಳೆಯದು, ಅದನ್ನು ಬಿಡಬೇಡಿ. ಮೊದಲು ಈಜು ಕಲಿಯಿರಿ. ಹಿರೇಕೆರೂರಿನಿಂದ ಶಿಕಾರಿಪುರ ದಾಟಿ ಸಾಗರದ ಕಡೆ ಹೋದರೆ ಶರಾವತಿಯ ಹಿನ್ನೀರಿನಲ್ಲಿ ಹೊನ್ನೇಮರಡು ಇದೆ. ಅಲ್ಲಿ ಹುಟ್ಟು ಹಾಕುವ ದೋಣಿ, ತೆಪ್ಪಗಳಿಂದ ಕಲಿಕೆ ಶುರುವಾಗುತ್ತದೆ. ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಜಲಸಾಹಸದ ತರಬೇತಿ ಕೊಡುತ್ತದೆ. ಮುಂದೆ ಯಾವುದೇ ಜಲಾಶಯದಲ್ಲೋ ಕಡಲತೀರದಲ್ಲೋ ಹಣ ಕೊಟ್ಟು ಟ್ಯೂಬ್ ಹತ್ತುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ದೋಣಿಯ ನೋಂದಣಿ ಆಗಿದೆಯೇ? ಎಷ್ಟು ಜನರ ದೋಣಿ ಇದು? ನನ್ನ ಅಳತೆಯ ಜಾಕೆಟ್ ಎಲ್ಲಿ? ಹಿಂದೆ ನೋಡುವವರು ಯಾರು? ಯಾಂತ್ರಿಕ ದೋಣಿಗಳ ನೋಂದಣಿ, ತಪಾಸಣೆ, ಜೀವರಕ್ಷಕ ಸಲಕರಣೆಗಳ ಬಗ್ಗೆ ದೇಶದಲ್ಲಿ 2021ರ ಒಳನಾಡು ಹಡಗುಗಳ ಕಾಯ್ದೆಯೇ ಇದೆ. ಕೇಳಲು ನಾಚಿಕೆ ಬೇಡ. ಉತ್ತರ ತಡವರಿಸಿದರೆ ದಡದಲ್ಲೇ ಉಳಿಯಿರಿ.

ಅಲ್ಲಿಯವರೆಗೆ ಶಾಲೆಯಲ್ಲೇ ಒಂದು ಪ್ರಯೋಗ ಮಾಡಿ. ದನಗಳು ನೀರು ಕುಡಿಯುವ ಉದ್ದನೆಯ ಸಿಮೆಂಟ್ ತೊಟ್ಟಿ ಸಾಕು. ಒಂದು ಅಡಿ ಉದ್ದದ ಹಗುರ ಹಲಗೆಯ ತುದಿಗೆ ಮೊಳೆ ಹೊಡೆದು ದಾರ ಕಟ್ಟಿ. ದಾರದ ಇನ್ನೊಂದು ತುದಿಗೆ ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿ. ನಿಧಾನವಾಗಿ ಎಳೆದು ಮುಳ್ಳು ತೋರಿಸಿದ್ದನ್ನು ಬರೆದುಕೊಳ್ಳಿ. ಅಷ್ಟೇ ದೂರವನ್ನು ಅರ್ಧ ಸಮಯದಲ್ಲಿ ಎಳೆಯಿರಿ. ಬಲ ಎರಡು ಪಟ್ಟಿಗಿಂತ ಬಹಳ ಹೆಚ್ಚಾಗಿರುತ್ತದೆ. ಹಲಗೆಯ ಮೇಲೆ ಸಣ್ಣ ಕಲ್ಲಿಟ್ಟು ಎಳೆಯಿರಿ. ಕಲ್ಲನ್ನು ಮುಂದಿನ ತುದಿಗೂ ಹಿಂದಿನ ತುದಿಗೂ ಸರಿಸಿ ನೋಡಿ. ಮುಂದಿಟ್ಟಾಗ ಹಲಗೆ ಮೂಗು ನೆಟ್ಟು ಮುಳುಗುತ್ತದೆ. ಹಿಂದಿಟ್ಟಾಗ ತುದಿ ಎತ್ತಿಕೊಂಡು ಬರುತ್ತದೆ. ಸ್ಯಾಮುಯೆಲ್‌ಸನ್ ದಿನಗಟ್ಟಲೆ ಬಿದ್ದು ಕಲಿತದ್ದನ್ನು ನೀವು ಒಂದು ಪೀರಿಯಡ್ಡಿನಲ್ಲಿ ಕಾಣುತ್ತೀರಿ.

ಅಂಕಿಗಳನ್ನು ಪಟ್ಟಿ ಮಾಡಿ, ಪಕ್ಕದಲ್ಲಿ ಇನ್ನೊಂದು ಪಟ್ಟಿ ಬರೆಯಿರಿ: ದೋಣಿಯಿಂದ ಇಳಿಸಬಹುದಾದವು, ಇಳಿಸಬಾರದವು. ಎರಡನೆಯ ಪಟ್ಟಿಯಲ್ಲಿ ಹಿಂದೆ ನೋಡುವವರೂ ಜಾಕೆಟ್ಟೂ ಇರಲಿ. ಆ ಪಟ್ಟಿಯನ್ನು ಕೈಬಿಡದೆ ಎಂಜಿನ್ ಎಳೆಯಲಾರದು ಎಂದಾದರೆ, ಆ ದಿನ ಬಿಡಬೇಕಾದ್ದು ಆಟವನ್ನೇ.